ಮಾತ್ರೆ ನುಂಗದವರಿಗೂ ದಂಡ



ಅಮೆರಿಕದಲ್ಲಿರುವ ನಮ್ಮಂಥ ಕನ್ನಡದ ಹಿರಿಯರು ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ‘ಪಾರ್ಟ್ ಡಿ’ ಔಷಧ ವಿಮೆ ಆರಿಸುವಾಗ ತಿಂಗಳ ಪ್ರೀಮಿಯಂ ಒಂದನ್ನೇ ನೋಡುತ್ತೇವೆ. (ಸೊಪ್ಪಿನ ಚೌಕಾಸಿ ಮಾಡಿ ಬೆಳೆದ ಬುದ್ಧಿ!) ನಾನೂ ಅಗ್ಗದ್ದಕ್ಕೇ ಕೈ ಹಾಕಿದೆ; ನಾನು ದಿನಾ ನುಂಗುವ ಹೃದಯದ ಮಾತ್ರೆ ಅದರ ಪಟ್ಟಿಯಲ್ಲೇ ಇರಲಿಲ್ಲ. ಈ ಪಟ್ಟಿ ವರ್ಷವರ್ಷವೂ ಬದಲಾಗಬಹುದು. ಹಾಗಾಗಿ ವಿಮೆ ಬದಲಿಸುವ ಅವಧಿಯಾದ ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ನಿಮ್ಮ ಮಾತ್ರೆಗಳ ಹೆಸರನ್ನು ಮೆಡಿಕೇರ್ ಜಾಲತಾಣದಲ್ಲಿ ತುಂಬಿ, ವರ್ಷದ ಒಟ್ಟು ಖರ್ಚನ್ನು ಹೋಲಿಸಿ ನೋಡಿ. 2026ರಲ್ಲಿ ನಾವು ಕೈಯಿಂದ ಕೊಡಬೇಕಾದ ಗರಿಷ್ಠ ಮಿತಿ 2,100 ಡಾಲರ್, ಅದೂ ಪಟ್ಟಿಯಲ್ಲಿರುವ ಔಷಧಗಳಿಗೆ ಮಾತ್ರ. ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ತಂದದ್ದು ಈ ಲೆಕ್ಕಕ್ಕೆ ಬಾರದು. ‘ನನಗೇನು ಕಾಯಿಲೆ?’ ಎಂದು ಸುಮ್ಮನಿದ್ದು, ಸಮಾನವಾದ ಬೇರೆ ವಿಮೆಯೂ ಇಲ್ಲದೆ ಆಮೇಲೆ ಸೇರಿದರೆ, ತಡವಾದ ಪ್ರತಿ ತಿಂಗಳಿಗೂ ಮೂಲ ಪ್ರೀಮಿಯಂನ ಶೇ 1ರಷ್ಟು ದಂಡ ಪ್ರೀಮಿಯಂಗೆ ಅಂಟಿಕೊಳ್ಳುತ್ತದೆ.

– ಹಿರಿಯ ಓದುಗ, ನ್ಯೂಜೆರ್ಸಿ