ರೋಗ ತೋಟದಲ್ಲಿ, ಉತ್ತರ ಇಂಗ್ಲಿಷಿನಲ್ಲಿ

ಭದ್ರಾ ಹೊಳೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಆ ಸುದ್ದಿ ಕಳಸದ ಬಸ್ ಸ್ಟ್ಯಾಂಡಿಗೆ ಬರೋದಕ್ಕೆ ಐದು ನಿಮಿಷ ಸಾಕು. ಫೋಟೋ ಬರುತ್ತೆ, ವಿಡಿಯೋ ಬರುತ್ತೆ. ಹೊರನಾಡಿಗೆ ಹೊರಟವರು ಮೊಬೈಲ್ ನೋಡಿಯೇ ಬಸ್ಸಿನಿಂದ ಇಳಿಯುತ್ತಾರೆ. ಆದರೆ ಅದೇ ಕಳಸ, ಹೊರನಾಡು, ಸಂಸೆ ಸುತ್ತಿನ ಅಡಿಕೆ ತೋಟಗಳನ್ನು ಹಾಳು ಮಾಡುತ್ತಿರುವ ಎಲೆಚುಕ್ಕಿ ರೋಗದ ಬಗ್ಗೆ ವಿಜ್ಞಾನಿಗಳು ಕಂಡುಕೊಂಡ ಸಂಗತಿ ಅದೇ ಬಸ್ ಸ್ಟ್ಯಾಂಡಿಗೆ ಬರೋದಕ್ಕೆ ಎಷ್ಟು ಕಾಲ ಬೇಕು? ಮೊಬೈಲ್ ಅದೇ, ಕೈಯೂ ಅದೇ. ಸೇತುವೆ ಸುದ್ದಿ ಬರುವ ದಾರಿಯಲ್ಲಿ ವಿಜ್ಞಾನ ಯಾಕೆ ಬರೋದಿಲ್ಲ?

ಸಂಶೋಧನೆ ನಡೆದಿಲ್ಲ ಅಂತಲ್ಲ. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಈ ರೋಗದ ಬೆನ್ನು ಹತ್ತಿದ್ದಾರೆ. ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಇದಕ್ಕೆ ಮುಖ್ಯ ಕಾರಣ, ತೇವದ ಹವೆಯಲ್ಲಿ ಗಾಳಿ ಮಳೆಯ ಜೊತೆ ಹರಡುತ್ತದೆ, ಒಬ್ಬ ಔಷಧಿ ಹೊಡೆದು ಪಕ್ಕದ ತೋಟದವ ಸುಮ್ಮನಿದ್ದರೆ ಫಲ ಕಡಿಮೆ. ಇಷ್ಟು ಗೊತ್ತಾಗಿದೆ. ಆದರೆ ಇದರ ಪೂರ್ತಿ ವಿವರ ಇರುವುದು ಇಂಗ್ಲಿಷಿನ ಪತ್ರಿಕೆಗಳಲ್ಲಿ. ಅದನ್ನು ಓದುವವರು ಇನ್ನೊಬ್ಬ ವಿಜ್ಞಾನಿ. ಮಾಹಿತಿ ಪತ್ರ ಹೊರಡುತ್ತದೆ, ವಿಚಾರ ಸಂಕಿರಣ ಆಗುತ್ತದೆ, ಶಾಲು ಹೊದಿಸಿ ಊಟ ಹಾಕುತ್ತಾರೆ. ಗುಡ್ಡದ ಮೇಲಿನ ಅರ್ಧ ಎಕರೆ ತೋಟದವನ ಕಿವಿಗೆ ಬೀಳೋದು ಅದರಲ್ಲಿ ಎಷ್ಟು?

ಬಿದ್ದ ಮಾತೂ ಅರ್ಧಂಬರ್ಧ. ಮಲೆನಾಡಿನ ಅಡಿಕೆಗೆ ಕಾಟ ಕೊಡುವ ರೋಗ ಒಂದಲ್ಲ, ಮೂರು. ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಬೋರ್ಡೊ ಇದೆ. ಎಲೆಚುಕ್ಕಿಗೆ ಶಿಲೀಂಧ್ರನಾಶಕ ಬೇರೆ ಇವೆ. ಶೃಂಗೇರಿ, ಕೊಪ್ಪ ಕಡೆ ದಶಕಗಳಿಂದ ತೋಟ ತಿಂದ ಹಳದಿ ಎಲೆ ರೋಗ ಶಿಲೀಂಧ್ರದ್ದೇ ಅಲ್ಲ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯದ್ದು, ಕೀಟದಿಂದ ಹರಡುವಂಥದ್ದು. ಅದಕ್ಕೆ ಎಲೆಚುಕ್ಕಿಯ ಔಷಧಿ ಎಷ್ಟು ಡ್ರಮ್ ಹೊಡೆದರೂ ಹೊಳೆಗೆ ಸುರಿದ ಹಾಗೆ. ಎಲೆ ಹಳದಿಯಾದದ್ದು ಕಂಡ ಕೂಡಲೇ ಸಾಲ ಮಾಡಿ ಔಷಧಿ ತರುವವನಿಗೆ ಈ ಒಂದು ಮಾತು ಕನ್ನಡದಲ್ಲಿ ಸಮಯಕ್ಕೆ ಸಿಕ್ಕಿದರೆ ಸಾವಿರಾರು ರೂಪಾಯಿ ಉಳಿಯುತ್ತೆ.

ಸಿಗದಿದ್ದರೆ? ಖಾಲಿ ಜಾಗ ಖಾಲಿ ಇರೋದಿಲ್ಲ. ವಾಟ್ಸಾಪಿನಲ್ಲಿ ಊರಿಲ್ಲದ, ಹೆಸರಿಲ್ಲದ, ತಾರೀಖಿಲ್ಲದ ಸಂದೇಶ ಬರುತ್ತೆ: 'ಇದನ್ನು ಹೊಡೆಯಿರಿ, ಹದಿನೈದು ದಿನದಲ್ಲಿ ರೋಗ ಮಾಯ, ಎಲ್ಲರಿಗೂ ಕಳಿಸಿ.' ಎಲ್ಲರೂ ಕಳಿಸುತ್ತಾರೆ. ಇನ್ನೊಬ್ಬ ಚುಕ್ಕಿ ಕಂಡ ಸೋಗೆಯನ್ನೆಲ್ಲ ಕಡಿಯಿರಿ ಅಂತಾನೆ. ಹೆಚ್ಚು ರೋಗ ತಗುಲಿದ ಸೋಗೆ ತೆಗೆಯಬೇಕು ನಿಜ, ಹಸಿರು ಸೋಗೆಗೂ ಕತ್ತಿ ಹಾಕಿದರೆ ಮರ ಉಸಿರಾಡೋದು ಯಾವುದರಿಂದ?

ಇದು ತೋಟದವರ ಕಷ್ಟ, ಪೇಟೆಯವರಿಗೇನು ಅನ್ನುವ ಹಾಗಿಲ್ಲ ಸ್ವಾಮಿ. ಅಡಿಕೆ ಕೊನೆ ಇಳಿಯದಿದ್ದರೆ ದಿನಸಿ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತೆ, ಜವಳಿ ಅಂಗಡಿಯವ ನೊಣ ಹೊಡೀತಾನೆ, ಸಂಜೆ ಬಸ್ಸಿನಲ್ಲಿ ಸೀಟು ಖಾಲಿ ಹೋಗುತ್ತೆ.

ನೂರು ವರ್ಷದ ಹಿಂದೆ ಇಂಟರ್‌ನೆಟ್ ಇರಲಿಲ್ಲ, ಟಾರು ರಸ್ತೆಯೂ ಇರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೂಲ ಹುಡುಕಿ 1910ರಲ್ಲಿ ವರದಿ ಬರೆದರು. ವರದಿ ಬರೆದು ಕೈ ತೊಳೆದುಕೊಳ್ಳಲಿಲ್ಲ. ಕೊನೆಗೆ ಕೊಟ್ಟೆ ಕಟ್ಟಿ ಕೂರುತ್ತಿದ್ದ ಮಲೆನಾಡಿಗೆ ಬೋರ್ಡೊ ಹೊಡೆಯೋದನ್ನು ಅವರ ಇಲಾಖೆ ತೋಟದಲ್ಲೇ ಮಾಡಿ ತೋರಿಸಿತು. ಇವತ್ತು ಮೈಲುತುತ್ತು ಅನ್ನೋದು ನಮ್ಮ ಹಳ್ಳಿಯ ಮಾತೇ ಆಗಿಹೋಗಿದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ.

ಕನ್ನಡದಲ್ಲಿ ವಿಜ್ಞಾನ ಹೇಳೋಕೆ ಆಗಲ್ಲ ಅನ್ನೋರಿಗೆ ಉತ್ತರ ಇಲ್ಲೇ ಇದೆ. ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಹಕ್ಕಿ, ಹುಳ, ಜೀವವಿಕಾಸ ಎಲ್ಲವನ್ನೂ ಕನ್ನಡದಲ್ಲೇ ಹೇಳಿದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ 'ಹಸಿರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ 'ಅಡಿಕೆ ಪತ್ರಿಕೆ' ಬೆಳೆಗಾರನ ಕೈಗೇ ಪೆನ್ನು ಕೊಟ್ಟಿತು. ಕನ್ನಡಕ್ಕೆ ಶಕ್ತಿ ಇಲ್ಲದ್ದಲ್ಲ, ಹೇಳುವವರಿಗೆ ಪುರುಸೊತ್ತಿಲ್ಲದ್ದು.

ವಿಜ್ಞಾನಿಗಳ ಅಳುಕೂ ಸುಳ್ಳಲ್ಲ. ಸಂಶೋಧನೆ ಇನ್ನೂ ಮುಗಿದಿಲ್ಲ, ಇವತ್ತು ಹೇಳಿದ್ದು ನಾಳೆ ಬದಲಾದರೆ ಜನ ಬೈತಾರೆ ಅಂತ ಅವರಿಗೆ ಭಯ. ಜನ ಅಷ್ಟು ದಡ್ಡರಲ್ಲ. ಮಳೆಯನ್ನೇ ನಂಬಿ ಬದುಕಿದವರಿಗೆ 'ಇಷ್ಟು ಗೊತ್ತು, ಇಷ್ಟು ಇನ್ನೂ ಗೊತ್ತಿಲ್ಲ' ಅನ್ನೋ ಮಾತು ಅರ್ಥವಾಗುತ್ತೆ. ಅರ್ಥವಾಗದೇ ಇರೋದು ಮೌನ ಮಾತ್ರ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ವಿಜ್ಞಾನಿ ತನ್ನ ಹೆಸರು, ಸಂಸ್ಥೆ, ತಾರೀಖು ಹೇಳಿ ಎರಡು ನಿಮಿಷದ ಧ್ವನಿ ಸಂದೇಶ ಕನ್ನಡದಲ್ಲಿ ಕಳಿಸಲಿ. ಗುಡ್ಡದ ಮರೆಯಲ್ಲಿ ಸಿಗ್ನಲ್ ಒಂದು ಗೆರೆ ಬಂದರೆ ಹೆಚ್ಚು, ಅಲ್ಲಿ ಅರ್ಧ ಗಂಟೆಯ ವಿಡಿಯೋ ತಿರುಗುತ್ತಲೇ ಇರುತ್ತೆ. ರೋಗದ ಎಲೆ ಹೀಗಿರುತ್ತೆ ಅಂತ ಮೂರು ರೋಗದ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಲಿ. ಬೆಳೆಗಾರ ತನ್ನ ತೋಟದ ಎಲೆಯ ಫೋಟೋ ಕಳಿಸಿದರೆ ಉತ್ತರ ಕೊಡೋಕೆ ಒಬ್ಬರನ್ನು ಕೂರಿಸಲಿ. ಸುಳ್ಳು ಸಂದೇಶ ಹರಡಿದ ದಿನವೇ 'ಇದು ತಪ್ಪು' ಅನ್ನಲಿ, ಮೂರು ತಿಂಗಳ ಮೇಲೆ ಸಂಕಿರಣದಲ್ಲಿ ಅಲ್ಲ. ಸಲಹೆ ಬದಲಾದರೆ ಯಾಕೆ ಬದಲಾಯಿತು ಅಂತಲೂ ಹೇಳಲಿ. ಇದನ್ನೂ ಕೆಲಸವೆಂದು ಎಣಿಸಿ ಬಡ್ತಿಗೆ ಲೆಕ್ಕ ಹಿಡಿಯೋದು ಮೇಲಿನವರ ಹೊಣೆ.

ಪೇಟೆಯವರ ಪಾಲೂ ಇದೆ. ಹೆಸರು ತಾರೀಖು ಇರುವ ಆ ಸಂದೇಶವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿಸಿ ಸೊಸೈಟಿ, ಹೋಟೆಲು, ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದರೆ ಮೊಬೈಲ್ ಇಲ್ಲದ ಅಜ್ಜನಿಗೂ ತಲುಪುತ್ತೆ. ಹೆಸರಿಲ್ಲದ ಸಂದೇಶ ಬಂದರೆ ಅಲ್ಲೇ ಅಳಿಸಿ ಹಾಕೋದು ಅದಕ್ಕಿಂತ ಸುಲಭ.

ಹೊರನಾಡಿಗೆ ಬಂದವರನ್ನು ಅನ್ನಪೂರ್ಣೇಶ್ವರಿ ಉಣ್ಣದೆ ಕಳಿಸೋದಿಲ್ಲ. ಸರ್ಕಾರದ ದುಡ್ಡಿನಲ್ಲಿ, ಅಂದರೆ ಜನರ ದುಡ್ಡಿನಲ್ಲಿ, ಬೆಂದ ಸಂಶೋಧನೆ ಮಾತ್ರ ಅಡುಗೆಮನೆಯಲ್ಲೇ ಬೀಗ ಹಾಕಿಕೊಂಡು ಕೂರೋದು ಯಾವ ನ್ಯಾಯ? ಮುಂದಿನ ಮಳೆಗಾಲಕ್ಕೆ ಮೊದಲು ಸಂಬಂಧಪಟ್ಟವರು ಬಾಗಿಲು ತೆಗೀತಾರಾ?