ಚಳಿ ಬಂತು, ಬಿಸಿ ಹೋಗಲಿಲ್ಲ

ಬೀದರ, ವಿಜಯಪುರಗಳಲ್ಲಿ ಕನಿಷ್ಠ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿದ ಸುದ್ದಿ ಬಂದಾಗಲೆಲ್ಲ ಹುಬ್ಬಳ್ಳಿ-ಧಾರವಾಡದ ಮುಂಜಾವಿನ ವಾಯುವಿಹಾರಿಗಳ ನಡುವೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಭೂಮಿ ಬಿಸಿಯಾಗುತ್ತಿದೆ ಎಂದು ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಹಾಗಿದ್ದರೆ ಮೈ ನಡುಗಿಸುವ ಈ ಚಳಿ ಎಲ್ಲಿಂದ ಬಂತು? ಪ್ರಶ್ನೆಯಲ್ಲಿ ಅರ್ಧ ಕುತೂಹಲ, ಅರ್ಧ ಕುಚೋದ್ಯ. ಕೆಲಗೇರಿ ಕೆರೆಯ ದಂಡೆಯಲ್ಲಿ ಮಫ್ಲರ್ ಸುತ್ತಿಕೊಂಡು ಹೀಗೆ ಕೇಳುವವರು ಒಂಟಿಯೇನಲ್ಲ. 2015ರ ಫೆಬ್ರುವರಿಯಲ್ಲಿ ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ಹೊರಗಿನಿಂದ ಹಿಮದ ಉಂಡೆಯೊಂದನ್ನು ಸೆನೆಟ್ ಸಭಾಂಗಣಕ್ಕೇ ತಂದು, ಹೊರಗೆ ಎಷ್ಟು ಚಳಿಯಿದೆ ನೋಡಿ ಎಂಬಂತೆ ಎಸೆದಿದ್ದರು. ಆ ವರ್ಷ ಮುಗಿಯುವ ಹೊತ್ತಿಗೆ ಅದೇ 2015, ಜಗತ್ತಿನ ಅಲ್ಲಿಯವರೆಗಿನ ದಾಖಲೆಗಳಲ್ಲಿ ಅತ್ಯಂತ ಬಿಸಿಯಾದ ವರ್ಷವೆನಿಸಿತು.

ಆದರೂ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಅದಕ್ಕೆ ಉತ್ತರವಿದೆ, ಮತ್ತು ಆ ಉತ್ತರ ಸಾಮಾನ್ಯ ಗಣಿತಕ್ಕೆ ನಿಲುಕುವಂಥದು. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರ ಅವಧಿಯಲ್ಲಿ ಭಾರತದ ಸರಾಸರಿ ಉಷ್ಣಾಂಶ ಏರಿದ್ದು ಸುಮಾರು 0.7 ಡಿಗ್ರಿ ಸೆಲ್ಸಿಯಸ್. ಇನ್ನೊಂದೆಡೆ, ಬಯಲುಸೀಮೆಯ ಊರೊಂದರಲ್ಲಿ ಶೀತಗಾಳಿ ಬೀಸಿದೆ ಎಂದು ಹವಾಮಾನ ಇಲಾಖೆ ಘೋಷಿಸಬೇಕಾದರೆ ಅಲ್ಲಿನ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿದ್ದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕುಸಿದಿರಬೇಕು. ಇಲ್ಲವೇ ನಾಲ್ಕು ಡಿಗ್ರಿಗೇ ಇಳಿದಿರಬೇಕು. ಎಂದರೆ ದಿನದಿಂದ ದಿನಕ್ಕೆ ಹವೆ ಏರಿಳಿಯುವ ಪ್ರಮಾಣ, ಶತಮಾನವೊಂದರಲ್ಲಿ ಹವಾಗುಣ ಏರಿದ ಪ್ರಮಾಣಕ್ಕಿಂತ ಎಷ್ಟೋ ಪಾಲು ದೊಡ್ಡದು. ಮುಕ್ಕಾಲು ಡಿಗ್ರಿಯ ಏರಿಕೆ ಐದಾರು ಡಿಗ್ರಿಯ ಕುಸಿತವನ್ನು ತಡೆಯಲಾರದು. ಆದರೆ ಅಂಥ ಕುಸಿತ ಎಷ್ಟು ಸಲ, ಎಷ್ಟು ಆಳಕ್ಕೆ ಆಗುತ್ತದೆ ಎಂಬುದನ್ನು ಅದು ಬದಲಿಸಬಲ್ಲದು, ಬದಲಿಸಿಯೂ ಇದೆ. ಅದೇ ವರದಿ ಹೇಳುವಂತೆ, 1986ರಿಂದ 2015ರವರೆಗಿನ ಮೂವತ್ತು ವರ್ಷಗಳಲ್ಲಿ ದೇಶದಲ್ಲಿ ವರ್ಷದ ಅತ್ಯಂತ ಚಳಿಯ ರಾತ್ರಿಯ ಉಷ್ಣಾಂಶವೇ ಸುಮಾರು 0.4 ಡಿಗ್ರಿ ಮೇಲಕ್ಕೆ ಸರಿದಿದೆ.

ನಮ್ಮ ಭಾಗದ ಚಳಿ ಹುಟ್ಟುವ ಬಗೆಯನ್ನು ನೋಡಿದರೆ ಗೊಂದಲ ಇನ್ನಷ್ಟು ತಿಳಿಯಾಗುತ್ತದೆ. ಹಿಂಗಾರು ಮಳೆ ಹಿಂದೆ ಸರಿದ ಮೇಲೆ ದಖ್ಖನ್ನಿನ ಆಗಸ ತೊಳೆದಿಟ್ಟಂತೆ ಶುಭ್ರವಾಗುತ್ತದೆ, ಗಾಳಿಯಲ್ಲಿ ತೇವ ಇಳಿಯುತ್ತದೆ. ನೀರಾವಿಯೂ ಮೋಡವೂ ನೆಲದ ಮೇಲೆ ಹೊದಿಸಿದ ಕಂಬಳಿಯಿದ್ದಂತೆ. ಆ ಕಂಬಳಿ ತೆಗೆದ ರಾತ್ರಿ ನೆಲ ಹಗಲು ಗಳಿಸಿದ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಇದರ ಜೊತೆಗೆ ಹಿಮಾಲಯದ ಮಗ್ಗುಲಲ್ಲಿ ಪಶ್ಚಿಮದ ಕ್ಷೋಭೆಗಳು ಹಾದುಹೋದ ಬಳಿಕ ಉತ್ತರದ ಒಣಗಾಳಿ ದಕ್ಷಿಣಕ್ಕೆ ಹರಿದು ಬಂದರೆ ಮೊದಲು ಬೀದರ, ಕಲಬುರ್ಗಿ, ಮುಂದೆ ವಿಜಯಪುರ ತಣ್ಣಗಾಗುತ್ತವೆ. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡಕ್ಕೆ ಆ ಗಾಳಿ ತಲುಪುವ ಹೊತ್ತಿಗೆ ಅದರ ಹರಿತ ಸಾಮಾನ್ಯವಾಗಿ ಕಡಿಮೆಯಾಗಿರುತ್ತದೆ. ಇಂಗಾಲಾಮ್ಲ ಹೆಚ್ಚಿದ ಮಾತ್ರಕ್ಕೆ ಈ ವ್ಯವಸ್ಥೆ ನಿಂತುಹೋಗುವುದಿಲ್ಲ. ನಿರಭ್ರ ರಾತ್ರಿಗಳು ಇರುವವರೆಗೂ ಚಳಿ ಇರುತ್ತದೆ.

ಇಲ್ಲಿ ‘ವಾಡಿಕೆ’ ಎಂಬ ಪದದ ಬಗ್ಗೆ ಸ್ವಲ್ಪ ಹೇಳಬೇಕು. ಹವಾಮಾನ ವರದಿಯಲ್ಲಿ ‘ವಾಡಿಕೆಗಿಂತ ಮೂರು ಡಿಗ್ರಿ ಕಡಿಮೆ’ ಎಂದು ಓದಿದಾಗ, ವಾಡಿಕೆ ಎಂಬುದು ಅಜ್ಜನ ಕಾಲದಿಂದ ಕದಲದೆ ನಿಂತ ಗಡಿಕಲ್ಲು ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಮೂವತ್ತು ವರ್ಷಗಳ ಸರಾಸರಿ. ಹಿಂದೆ 1961-90ರ ಲೆಕ್ಕವಿತ್ತು, ಆಮೇಲೆ 1981-2010ರದ್ದು ಬಂತು, ಈಗ ಇಲಾಖೆಯ ವಾರ್ಷಿಕ ಹೋಲಿಕೆಗಳಿಗೆಲ್ಲ 1991-2020ರ ಅವಧಿಯೇ ಆಧಾರ. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ಬಿಸಿಯಾಗುತ್ತಿರುವ ಕಾಲದಲ್ಲಿ ವಾಡಿಕೆಯೂ ಸದ್ದಿಲ್ಲದೆ ಬಿಸಿಯಾಗುತ್ತದೆ. ಎರಡು ತಲೆಮಾರುಗಳ ಹಿಂದೆ ಯಾರೂ ಗಮನಿಸದೆ ಕಳೆದುಹೋಗುತ್ತಿದ್ದ ಪುಷ್ಯದ ರಾತ್ರಿಯೊಂದು ಈಗ ‘ವಾಡಿಕೆಗಿಂತ ಬಹಳ ಕಡಿಮೆ’ ಎಂಬ ತಲೆಬರಹ ಪಡೆಯಬಹುದು. ಚಳಿ ಹೆಚ್ಚಿದ್ದರಿಂದ ಅದು ಸುದ್ದಿಯಾಗುವುದಲ್ಲ. ನಾವು ಅದನ್ನು ಅಳೆಯುವ ಹೊಸ್ತಿಲು ಮೇಲೇರಿದ್ದರಿಂದ ಸುದ್ದಿಯಾಗುವುದು. ಪತ್ರಿಕೆಗಳು ಚಳಿಯ ಸುದ್ದಿಯಲ್ಲಿ ಹಳೆಯ ಮೂವತ್ತು ವರ್ಷಗಳ ಸರಾಸರಿಯನ್ನೂ ಪಕ್ಕದಲ್ಲೇ ಮುದ್ರಿಸಿದರೆ ಓದುಗರಿಗೆ ದೊಡ್ಡ ಉಪಕಾರವಾದೀತು.

ರಾಜಧಾನಿಯ ದಾಖಲೆಯನ್ನೇ ನೋಡಿ. ಬೆಂಗಳೂರಿನ ಅತಿ ಚಳಿಯ ದಾಖಲೆ 7.8 ಡಿಗ್ರಿ, ಅದು 1884ರ ಜನವರಿ 13ರದ್ದು. ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಅದನ್ನು ಯಾವ ಚಳಿಗಾಲವೂ ಮುರಿದಿಲ್ಲ. ಅತಿ ಬಿಸಿಯ ದಾಖಲೆ 39.2 ಡಿಗ್ರಿ; ಅದು 2016ರ ಏಪ್ರಿಲ್ 24ರದ್ದು. ಇದರಲ್ಲಿ ಕಾಂಕ್ರೀಟಿನ ಪಾಲೂ ಇದೆ ಎಂಬುದನ್ನು ಒಪ್ಪಲೇಬೇಕು. ಆದರೆ ಕಾಂಕ್ರೀಟಿನ ಮೇಲೆ ಎಲ್ಲವನ್ನೂ ಹೊರಿಸಲಾಗದು. ಅಮೆರಿಕದಾದ್ಯಂತದ ಹವಾಮಾನ ಕೇಂದ್ರಗಳ ದೈನಂದಿನ ದಾಖಲೆಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ ಹೊಸ ಬಿಸಿಯ ದಾಖಲೆಗಳು ಹೊಸ ಚಳಿಯ ದಾಖಲೆಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂದು ಕಂಡುಬಂದಿತ್ತು. 1950ರ ದಶಕದಲ್ಲಿ ಇವೆರಡೂ ಹೆಚ್ಚುಕಡಿಮೆ ಸಮಸಮವಾಗಿದ್ದವು.

ಇದಕ್ಕೆ ವಿರುದ್ಧ ದಿಕ್ಕಿನ ಅತಿರೇಕವೂ ಒಂದಿದೆ. ಪ್ರತಿಯೊಂದು ಶೀತಗಾಳಿಯನ್ನೂ ತಾಪಮಾನ ಏರಿಕೆಯ ಖಾತೆಗೇ ಬರೆಯುವವರು ಅದನ್ನು ಮಾಡುತ್ತಾರೆ. ಉತ್ತರ ಧ್ರುವಪ್ರದೇಶ ಜಗತ್ತಿನ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗುತ್ತಿರುವುದರಿಂದ ಅಲ್ಲಿನ ಶೀತಲ ಗಾಳಿಯ ಸುಳಿ ಸಡಿಲಗೊಂಡು ಅಮೆರಿಕ, ಯುರೋಪುಗಳ ಕಡೆಗೆ ಜಾರುತ್ತಿದೆ ಎಂಬ ವಾದವನ್ನು ಜೆನಿಫರ್ ಫ್ರಾನ್ಸಿಸ್, ಜೂಡಾ ಕೋಹೆನ್ ಮೊದಲಾದವರು ಮುಂದಿಟ್ಟಿದ್ದಾರೆ. ವಾದ ಗಂಭೀರವಾದದ್ದು, ಆದರೆ ಇತ್ಯರ್ಥವಾಗಿಲ್ಲ. ವಿಶ್ವಸಂಸ್ಥೆಯ ಹವಾಗುಣ ಸಮಿತಿ 2021ರ ವರದಿಯಲ್ಲಿ ಈ ಸಂಬಂಧದ ಬಗ್ಗೆ ಹೆಚ್ಚಿನ ಭರವಸೆ ವ್ಯಕ್ತಪಡಿಸಲಿಲ್ಲ. ಅತಿ ಚಳಿಯ ಸಂದರ್ಭಗಳು ಒಟ್ಟಾರೆ ಕಡಿಮೆಯಾಗಿವೆ, ಸೌಮ್ಯವಾಗಿವೆ ಎಂಬುದನ್ನು ಮಾತ್ರ ಬಹುತೇಕ ನಿಸ್ಸಂಶಯವಾಗಿ ಹೇಳಿತು. ಬೀದರಿನ ಚಳಿಗೆ ಧ್ರುವದ ಸುಳಿಯನ್ನು ಎಳೆದು ತರುವ ಅಗತ್ಯ ನನಗಂತೂ ಕಾಣುವುದಿಲ್ಲ.

ನಮ್ಮ ಭಾಗದಲ್ಲಿ ನಿಜವಾಗಿ ಆತಂಕ ಪಡಬೇಕಾದದ್ದು ಚಳಿ ಬರುವುದರ ಬಗ್ಗೆ ಅಲ್ಲ, ಅದು ಬಾರದಿರುವುದರ ಬಗ್ಗೆ. ನವಲಗುಂದ, ನರಗುಂದ, ಅಣ್ಣಿಗೇರಿಗಳ ಎರಿ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಗೋಧಿ, ಕುಸುಬೆಗಳು ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುತ್ತವೆ. ರಾತ್ರಿ ತಂಪಿದ್ದರೆ ಆ ತೇವ ಬಾಳುತ್ತದೆ, ಕಾಳು ನಿಧಾನವಾಗಿ ತುಂಬಿಕೊಳ್ಳುತ್ತದೆ. ರಾತ್ರಿ ಬೆಚ್ಚಗಾದರೆ ಬೆಳೆ ಹಗಲು ಕೂಡಿಟ್ಟ ಆಹಾರವನ್ನು ಉಸಿರಾಟದಲ್ಲೇ ಖರ್ಚು ಮಾಡಿ, ಅವಸರದಲ್ಲಿ ಮಾಗಿ, ಜೊಳ್ಳಾಗುತ್ತದೆ. ಧಾರವಾಡದ ಆಪೂಸ್ ಮಾವಿಗೂ ಹೂ ಬಿಡಲು ತಂಪು ರಾತ್ರಿಗಳ ಸರಣಿ ಬೇಕು. ಚಳಿ ಹಿಡಿಯದ ವರ್ಷ ಮರ ಹೂವಿನ ಬದಲು ಚಿಗುರು ಬಿಡುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಸಜ್ಜಿರೊಟ್ಟಿ ತಿನ್ನುವ ನಮ್ಮ ಹಬ್ಬದ ಹಿಂದೆಯೂ ಈ ತಂಪಿನ ಲೆಕ್ಕವೇ ಇದೆ.

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎನ್ನುವುದು ರೂಢಿಯ ಮಾತು. 2023ರಲ್ಲಿ ಶಿವರಾತ್ರಿ ಬಂದದ್ದು ಫೆಬ್ರುವರಿ 18ರಂದು. ದೇಶದ ಸರಾಸರಿ ಗರಿಷ್ಠ ಉಷ್ಣಾಂಶದ ದೃಷ್ಟಿಯಿಂದ ಆ ಫೆಬ್ರುವರಿ 1901ರಿಂದೀಚೆಗಿನ ಅತ್ಯಂತ ಬಿಸಿಯ ಫೆಬ್ರುವರಿ. ಅದರ ಹಿಂದಿನ ವರ್ಷ, 2022ರ ಮಾರ್ಚ್ ಇದೇ ಬಗೆಯ ದಾಖಲೆ ಮಾಡಿ ಉತ್ತರ ಭಾರತದ ಗೋಧಿಯನ್ನು ಬಾಡಿಸಿತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಷೇಧಿಸಬೇಕಾಯಿತು. ಚಳಿಗಾಲ ಮೊಟಕಾದರೆ ಅದರ ಪೆಟ್ಟು ಅಡುಗೆಮನೆಯವರೆಗೂ ಬರುತ್ತದೆ. ಡಿಸೆಂಬರಿನ ನಾಲ್ಕು ರಾತ್ರಿಗಳ ಚಳಿಗೆ ಸಿಗುವ ಪ್ರಚಾರ ಫೆಬ್ರುವರಿಯ ಬಿಸಿಗೆ ಸಿಗುವುದಿಲ್ಲ. ಬಿಸಿಯಾದ ಫೆಬ್ರುವರಿ ಯಾರ ಮೈಯನ್ನೂ ನಡುಗಿಸುವುದಿಲ್ಲವಲ್ಲ.

ಅಪರೂಪವಾದ ಚಳಿಗೆ ಇನ್ನೊಂದು ಅಪಾಯವಿದೆ: ಅದನ್ನು ಎದುರಿಸುವ ಸಿದ್ಧತೆ ಮರೆತುಹೋಗುತ್ತದೆ. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್ ಹಿಮಗಾಳಿಗೆ ಸಿಕ್ಕಾಗ ಅನಿಲದ ಬಾವಿಗಳೂ ವಿದ್ಯುತ್ ಸ್ಥಾವರಗಳೂ ಹೆಪ್ಪುಗಟ್ಟಿ ನಿಂತವು. ಸುಮಾರು 45 ಲಕ್ಷ ಮನೆ-ಕಟ್ಟಡಗಳು ಕತ್ತಲಲ್ಲಿ ಮುಳುಗಿದವು. ಸತ್ತವರ ಅಧಿಕೃತ ಲೆಕ್ಕವೇ 246. ಆಸ್ಟಿನ್, ಡಲ್ಲಾಸ್‌ಗಳಲ್ಲಿ ಮಕ್ಕಳಿರುವ ಧಾರವಾಡದ ತಂದೆ-ತಾಯಿಗಳಿಗೆ ಆ ವಾರದ ನೆನಪಿದ್ದೀತು. ಹಣಕ್ಕೆ ಕೊರತೆಯಿಲ್ಲದ ಆ ರಾಜ್ಯಕ್ಕೆ ಇದ್ದ ಕೊರತೆ ಒಂದೇ, ತಮ್ಮಲ್ಲಿ ಇಷ್ಟು ಚಳಿ ಬರಬಹುದು ಎಂಬ ಕಲ್ಪನೆಯದು.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ಮಾಲಿನ ಪಕ್ಕ ಮಲಗುವ ಹಮಾಲನಿಗೆ, ಹುಬ್ಬಳ್ಳಿ ನಿಲ್ದಾಣದ ಹೊರಗೆ ಚಾದರವೊಂದನ್ನೇ ನಂಬಿದ ಮುದುಕಿಗೆ, ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿಕೊಂಡವರ ಕೂಸಿಗೆ ಹನ್ನೆರಡು ಡಿಗ್ರಿಯೇ ಸಾಕಷ್ಟು ಕ್ರೂರ. ಆ ಹನ್ನೆರಡು ಡಿಗ್ರಿ ಇಲಾಖೆಯ ವ್ಯಾಖ್ಯೆಯಂತೆ ಶೀತಗಾಳಿಯಲ್ಲ. ಆದ್ದರಿಂದ ಎಚ್ಚರಿಕೆ ಹೊರಡುವುದೂ ಇಲ್ಲ. ಬೇಸಿಗೆಯ ಬಿಸಿಗಾಳಿಗೆ ರಾಜ್ಯದಲ್ಲಿ ಕ್ರಿಯಾಯೋಜನೆ ಇದೆ. ಅಂಥದೇ ಒಂದು ಸಣ್ಣ ಏರ್ಪಾಟು ಚಳಿಗಾಲಕ್ಕೂ ಬೇಕು. ಹೋಬಳಿ ಮಟ್ಟದ ಹವಾಮಾನ ಮಾಪನ ಕೇಂದ್ರಗಳು ಈಗಾಗಲೇ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಬಳಿ ಇವೆ. ಬೀದರ, ವಿಜಯಪುರಗಳಿಗೆ ಶೀತಗಾಳಿಯ ಎಚ್ಚರಿಕೆ ಹೊರಟ ಸಂಜೆಯೇ ಅವಳಿನಗರದ ರಾತ್ರಿ ತಂಗುದಾಣಗಳಲ್ಲಿ ಹೆಚ್ಚುವರಿ ಹಾಸಿಗೆ-ಕಂಬಳಿಗಳು ಸಿದ್ಧವಾಗಬೇಕು, ನಿಲ್ದಾಣ ಮತ್ತು ಮಾರುಕಟ್ಟೆಗಳಿಂದ ಜನರನ್ನು ಅಲ್ಲಿಗೆ ಕರೆದೊಯ್ಯಲು ಪಾಲಿಕೆಯ ವಾಹನವೊಂದು ಹೊರಡಬೇಕು. ಅದಕ್ಕಾಗಿ ಧಾರವಾಡದ ಉಷ್ಣಮಾಪಕ ಹತ್ತಕ್ಕೆ ಇಳಿಯುವವರೆಗೆ ಕಾಯಬೇಕಾಗಿಲ್ಲ.