ಮುಚ್ಚಿದ ಕೋಣೆಯ ದಯೆ ಬೇಡ



ನಮ್ಮ ಹೊಸಪೇಟೆಯ ಬಸ್ಸುಗಳ ಫಲಕದ ಮೇಲೆ ಟಿ.ಬಿ. ಎಂದರೆ ತುಂಗಭದ್ರೆ, ಆಸ್ಪತ್ರೆಯ ಚೀಟಿಯ ಮೇಲೆ ಅದೇ ಎರಡಕ್ಷರ ಕ್ಷಯರೋಗ. ನದಿಯನ್ನು ಕಟ್ಟೆ ಕಟ್ಟಿ ನಿಲ್ಲಿಸಿದೆವು; ರೋಗವನ್ನೂ ಗೋಡೆ ಕಟ್ಟಿ ನಿಲ್ಲಿಸಬಹುದೆಂಬ ಭ್ರಮೆ ಅನೇಕರಿಗಿದೆ. "ಹೆಚ್.ಐ.ವಿ. ಇರುವವರನ್ನೆಲ್ಲ ಬೇರೊಂದು ಕೋಣೆಯಲ್ಲಿರಿಸಿದರೆ ಉಳಿದವರು ಕ್ಷೇಮ" ಎಂದು ವಿದ್ಯಾವಂತರೂ ಹೇಳುವುದುಂಟು. ಈ ಮಾತು ನಿರ್ದಯವಾದುದಷ್ಟೇ ಅಲ್ಲ, ವೈದ್ಯಶಾಸ್ತ್ರಕ್ಕೂ ವಿರುದ್ಧವಾದುದು.

ವಿಚಾರಿಸಿ ನೋಡಿರಿ. ಹೆಚ್.ಐ.ವಿ. ಗಾಳಿಯಿಂದ ಹರಡುವುದಿಲ್ಲ; ಜೊತೆಯಲ್ಲಿ ಕುಳಿತರೆ, ಉಂಡರೆ ಅಂಟುವುದಿಲ್ಲ. ಗಾಳಿಯಿಂದ ಹರಡುವುದು ಕ್ಷಯ. ರೋಗಿ ಕೆಮ್ಮಿದಾಗ ಹೊರಬೀಳುವ ಸೂಕ್ಷ್ಮಕಣಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವೆ. ದೃಢಕಾಯರಲ್ಲಿ ಆ ರೋಗಾಣು ಬಹುಮಟ್ಟಿಗೆ ಜೀವಮಾನವೆಲ್ಲ ಸುಪ್ತವಾಗಿಯೇ ಉಳಿದೀತು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಕೆಲವೇ ವಾರಗಳಲ್ಲಿ ಹೆಡೆಯೆತ್ತಬಲ್ಲದು. ಹೀಗಿರಲು, ಅಂಥ ದುರ್ಬಲರನ್ನೆಲ್ಲ ಒಂದೇ ಕೋಣೆಗೆ ತುಂಬಿ, ಅವರ ನಡುವೆ ಕ್ಷಯವಿದೆಯೆಂದು ಇನ್ನೂ ಪತ್ತೆಯಾಗದ ಒಬ್ಬನನ್ನು ಕೂರಿಸುವುದು ಹುಲ್ಲಿನ ಬಣವೆಯಲ್ಲಿ ಕೆಂಡವಿಟ್ಟಂತೆ.

ಇದು ಊಹೆಯಲ್ಲ. ದಕ್ಷಿಣ ಆಫ್ರಿಕದ ಟುಗೇಲಾ ಫೆರಿ ಎಂಬ ಹಳ್ಳಿಗಾಡಿನ ಆಸ್ಪತ್ರೆಯಲ್ಲಿ 2005-06ರಲ್ಲಿ, ಪ್ರಮುಖ ಔಷಧಿಗಳಾವುವಕ್ಕೂ ಬಗ್ಗದ ಕ್ಷಯ 53 ಮಂದಿಯಲ್ಲಿ ಕಂಡುಬಂದಿತು. ಹೆಚ್.ಐ.ವಿ. ಪರೀಕ್ಷೆಗೊಳಗಾದ 44 ಮಂದಿಯಲ್ಲಿ ಎಲ್ಲರಿಗೂ ಆ ಸೋಂಕಿತ್ತು. ಸತ್ತವರು 52. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹಿಂದೆಂದೂ ಕ್ಷಯಕ್ಕೆ ಔಷಧಿ ತೆಗೆದುಕೊಂಡವರಲ್ಲ. ಬಹುಮಂದಿ ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ಮಲಗಿದ್ದವರು. ಗುಣವಾಗಲು ಹೋದ ಮನೆಯೇ ಮೃತ್ಯುವಿನ ಮನೆಯಾಯಿತು!

ಹಾಗಾದರೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕೆ? ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವು, ಎತ್ತರದ ಮಾಳಿಗೆ, ದೊಡ್ಡ ಕಿಟಕಿಗಳುಳ್ಳ ಹಳೆಯ ಕಟ್ಟಡಗಳೇ ಹೊಸವುಗಳಿಗಿಂತ ಲೇಸೆಂದು ತೋರಿಸಿತು. ನಾವೋ, ಹಿರಿಯರ ಸ್ಮರಣಾರ್ಥ ದಾನ ಕೊಡುವಾಗ ಹವಾನಿಯಂತ್ರಿತ ಕೋಣೆಯನ್ನೇ ಕೊಡುತ್ತೇವೆ. ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸಲು ಅದು ಒಪ್ಪುತ್ತದೆಯಲ್ಲವೆ? ಸಂಡೂರಿನ ಅದಿರು ಲಾರಿಗಳ ಕೆಂಧೂಳಿಗೆ ಅಂಜಿ ಕಿಟಕಿ ಮುಚ್ಚುತ್ತೇವೆಂಬ ಸಮಾಧಾನ ಬೇರೆ. ಧೂಳಿನ ಕಷ್ಟ ನಿಜ. ಗಣಿಯ ಸಿಲಿಕಾ ಧೂಳೂ ಶ್ವಾಸಕೋಶವನ್ನು ಕ್ಷಯಕ್ಕೆ ಈಡುಮಾಡುತ್ತದೆ. ಅದಕ್ಕೆ ರಸ್ತೆಗೆ ನೀರು ಹಾಕಿಸಬೇಕು, ಲಾರಿಗಳಿಗೆ ಹೊದಿಕೆ ಹಾಕಿಸಬೇಕು. ರೋಗಿಯ ಗಾಳಿಯನ್ನು ಕಟ್ಟಬಾರದು. ಮುಚ್ಚಿದ ಕೋಣೆಯ ಫ್ಯಾನು ಅದೇ ಗಾಳಿಯನ್ನು ತಿರುಗಿಸುತ್ತದೆಯೇ ಹೊರತು ಹೊರಹಾಕುವುದಿಲ್ಲ.

ಬೇರ್ಪಡಿಸಬೇಕಾದುದು ಕೆಮ್ಮನ್ನು, ಹೆಚ್.ಐ.ವಿ.ಯನ್ನಲ್ಲ. ಕೆಮ್ಮುವವನಿಗೆ ಬಾಗಿಲಲ್ಲಿಯೇ ಮುಖಗವಸು ಕೊಟ್ಟು, ಬಯಲಿನ ನೆರಳಿನಲ್ಲಿ ಕೂರಿಸಿ, ಸರದಿ ಕಾಯಿಸದೆ ಮೊದಲು ನೋಡಲಿ. ಕಫವನ್ನು ಅಂದೇ ಪರೀಕ್ಷೆಗೆ ಕಳಿಸಲಿ. ಹೆಚ್.ಐ.ವಿ. ಇರುವವರನ್ನು ಪ್ರತಿ ಭೇಟಿಯಲ್ಲಿಯೂ ಕೆಮ್ಮು, ಜ್ವರ, ತೂಕದ ಇಳಿತ, ರಾತ್ರಿಯ ಬೆವರುಗಳ ಬಗ್ಗೆ ಕೇಳಬೇಕು. ಕ್ಷಯವಿಲ್ಲದವರಿಗೆ ಅದನ್ನು ತಡೆಯುವ ಮಾತ್ರೆಗಳುಂಟು. ರೋಗಿಯ ಗುಟ್ಟನ್ನು ಹಾಸಿಗೆಯ ಫಲಕದ ಮೇಲೆ ಬರೆಯಬೇಕಾಗಿಲ್ಲ. 2017ರ ಕಾಯಿದೆ ಆ ಗುಟ್ಟನ್ನು ರಕ್ಷಿಸುತ್ತದೆ, ಭೇದವನ್ನು ನಿಷೇಧಿಸುತ್ತದೆ.

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಇಂದು ಆಸ್ಪತ್ರೆಗಳ ಆಡಳಿತ ಮಂಡಳಿಯಲ್ಲಿರುವವರೆ, ಮುಂದಿನ ಸಭೆಗೆ ಹೋದಾಗ ನಕ್ಷೆ ನೋಡುವ ಮುನ್ನ ಹೊರರೋಗಿಗಳು ಕಾಯುವ ಮೊಗಸಾಲೆಯಲ್ಲಿ ಅರ್ಧ ಗಂಟೆ ಕುಳಿತು ಬನ್ನಿರಿ. ಎದುರುಬದುರು ಕಿಟಕಿಗಳಿವೆಯೆ, ಅವು ತೆರೆಯುತ್ತವೆಯೆ, ಚಿಲಕಗಳು ತುಕ್ಕು ಹಿಡಿದಿವೆಯೆ ಎಂಬುದನ್ನು ನಿಮ್ಮ ಕೈಯಿಂದಲೇ ಎಳೆದು ನೋಡಿರಿ.